ಗುಜರಾತಿನ ವಸ್ತುಸಂಗ್ರಹಾಲಯಗಳೂ ನಮ್ಮ ಮಕ್ಕಳೂ

ಹೊಟ್ಟೆಪಾಡಿಗಾಗಿಯೋ ನೌಕರಿಯ ವರ್ಗಾವಣೆಯಿಂದಲೋ ಕನ್ನಡನಾಡನ್ನು ಬಿಟ್ಟು ಬಂದು ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲೆನಿಂತ ನಮ್ಮಂತಹವರ ಮನೆಗಳಲ್ಲಿ ಮಕ್ಕಳು ಎರಡು ಚರಿತ್ರೆಗಳನ್ನು ಕೇಳುತ್ತ ಬೆಳೆಯುತ್ತಾರೆ. ಶಾಲೆಯಲ್ಲಿ ಸಿದ್ಧರಾಜ ಜಯಸಿಂಹನ ಕಥೆ, ಅಹಮದ್ ಶಾಹನ ಕಥೆ, ಸಯಾಜಿರಾವ್ ಮಹಾರಾಜರ ಕಥೆ. ಮನೆಯಲ್ಲಿ ಅಜ್ಜಿಯ ಬಾಯಿಂದ ಪುಲಿಕೇಶಿಯ ಕಥೆ, ಕಿತ್ತೂರು ಚೆನ್ನಮ್ಮನ ಕಥೆ. ಒಂದು ಪರೀಕ್ಷೆಗೆ ಬೇಕು, ಇನ್ನೊಂದು ಬೇಡ. ಹೀಗಾಗಿ ಅಜ್ಜಿಯ ಚರಿತ್ರೆ ವರ್ಷದಿಂದ ವರ್ಷಕ್ಕೆ ಸೊರಗುತ್ತ ಹೋಗಿ, ಕೊನೆಗೆ ನವೆಂಬರ್ ಒಂದನೆಯ ತಾರೀಖಿನ ವೇಷಭೂಷಣಕ್ಕಷ್ಟೇ ಉಳಿಯುತ್ತದೆ. ಈ ಎರಡು ಚರಿತ್ರೆಗಳು ಒಂದನ್ನೊಂದು ಸಂಧಿಸುವ ಸ್ಥಳ ನಮ್ಮ ಊರುಗಳಲ್ಲಿ ಎಲ್ಲಾದರೂ ಉಂಟೆ? ಉಂಟು ಎಂದು ನಾವು ಹೇಳುತ್ತೇವೆ. ಅವೇ ಈ ಮೂರು ನಗರಗಳ ವಸ್ತುಸಂಗ್ರಹಾಲಯಗಳು. ಅವು ಹುಟ್ಟಿದ್ದು ಹೇಗೆ, ಕಾಲಕಾಲಕ್ಕೆ ಬದಲಾದದ್ದು ಹೇಗೆ, ಶಾಲೆಯ ಮಕ್ಕಳಿಗೆ ಬಾಗಿಲು ತೆರೆದದ್ದು ಹೇಗೆ ಎಂಬುದನ್ನು ಈ ಸಂಚಿಕೆಯ ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ವಸ್ತುಸಂಗ್ರಹಾಲಯವೆಂದರೆ ನಮ್ಮ ಹಿರಿಯರಿಗೆ ಬೆರಗಿನ ಮನೆ. ಗುಜರಾತಿಗಳು ಅದನ್ನು ಅಜಾಯಬ್‌ಘರ್ ಎಂದರು. ಬೆಂಗಳೂರಿನಲ್ಲಿ 1865ರಲ್ಲಿ ಎಡ್ವರ್ಡ್ ಬಾಲ್ಫೋರ್ ಎಂಬ ವೈದ್ಯಾಧಿಕಾರಿಯ ಪ್ರಯತ್ನದಿಂದ ಸರಕಾರಿ ಸಂಗ್ರಹಾಲಯ ತೆರೆದಾಗ ಜನ ಅದಕ್ಕೆ ‘ತಮಾಷೆ ಬಂಗ್ಲೆ’ ಎಂದು ಹೆಸರಿಟ್ಟರು. ಹೆಸರಿನಲ್ಲಿ ತಪ್ಪೇನೂ ಇಲ್ಲ. ಬೆರಗಿಲ್ಲದೆ ಕಲಿಕೆ ಎಲ್ಲಿಯದು? ಆದರೆ ಆ ಕಾಲದ ಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ ಬೆರಗಿನ ಮುಂದೆ ಹೆಜ್ಜೆ ಇಡುವ ಏರ್ಪಾಡು ಇರುತ್ತಿರಲಿಲ್ಲ. ಹುಲಿಯ ಚರ್ಮದ ಪಕ್ಕದಲ್ಲಿ ಬೆಳ್ಳಿಯ ತಟ್ಟೆ, ಅದರ ಪಕ್ಕದಲ್ಲಿ ಅದಿರಿನ ಕಲ್ಲು. ಹತ್ತಿರದಲ್ಲಿ ಒಂದು ಇಂಗ್ಲಿಷ್ ಚೀಟಿ. ಹಬ್ಬದ ದಿನ ಹಳ್ಳಿಯ ಜನ ಬಂದು, ಕಣ್ಣರಳಿಸಿ ನೋಡಿ, ಹೊರಗೆ ಕಡಲೆಕಾಯಿ ಕೊಂಡು ಮನೆಗೆ ಹೋಗುವರು.

ಇದಕ್ಕೆ ಬೇರೊಂದು ಗುರಿಯನ್ನು ಇಟ್ಟವರಲ್ಲಿ ಬರೋಡೆಯ ಮೂರನೆಯ ಸಯಾಜಿರಾವ್ ಗಾಯಕವಾಡರ ಹೆಸರನ್ನು ಮೊದಲು ಹೇಳಬೇಕು. ನಾಸಿಕ ಸೀಮೆಯ ಕವಳಾಣೆ ಗ್ರಾಮದಲ್ಲಿ 1863ರಲ್ಲಿ ಹುಟ್ಟಿದ ಈ ಬಾಲಕ 1875ರಲ್ಲಿ ದತ್ತಕವಾಗಿ ಬರೋಡೆಯ ಗಾದಿಗೆ ಬಂದಾಗ ಅಕ್ಷರಾಭ್ಯಾಸವೇ ಸರಿಯಾಗಿ ಆಗಿರಲಿಲ್ಲವೆಂದು ಹೇಳುತ್ತಾರೆ. ತಡವಾಗಿ ಕಲಿತವನಿಗೆ ವಿದ್ಯೆಯ ಬೆಲೆ ಹೆಚ್ಚು ಗೊತ್ತು. 1893ರಲ್ಲಿ ಮಹಾರಾಜರು ಅಮ್ರೇಲಿ ಪ್ರಾಂತದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಪ್ರಯೋಗಕ್ಕೆ ತಂದರು. 1906ರಲ್ಲಿ ಅದನ್ನು ಸಂಸ್ಥಾನಕ್ಕೆಲ್ಲ ವಿಸ್ತರಿಸಿದರು. ಅಮೇರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲರನ್ನು 1910ರಲ್ಲಿ ಕರೆಸಿ, ಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಹಳ್ಳಿಹಳ್ಳಿಗೆ ಕಳುಹಿಸುವ ಸಂಚಾರಿ ಪುಸ್ತಕಭಂಡಾರಗಳನ್ನು ಏರ್ಪಡಿಸಿದರು. ಮ್ಯಾಜಿಕ್ ಲಾಂದ್ರದ ಚಿತ್ರಗಳನ್ನು ತೋರಿಸಿ ಅಕ್ಷರ ಬಾರದವರಿಗೂ ಲೋಕಜ್ಞಾನ ಕೊಡುವ ವಿಭಾಗವೂ ಅದರೊಡನೆ ಇತ್ತು.

ಈ ದೊಡ್ಡ ಯೋಜನೆಯ ಒಂದು ಅಂಗವಾಗಿ ಸಯಾಜಿ ಬಾಗಿನಲ್ಲಿ, ಎಂದರೆ ಊರವರ ಕಮಾಟಿ ಬಾಗಿನಲ್ಲಿ, ವಸ್ತುಸಂಗ್ರಹಾಲಯದ ಕಟ್ಟಡ 1894ರಲ್ಲಿ ಸಿದ್ಧವಾಯಿತು. ಅದರ ನಕ್ಷೆ ಮದರಾಸಿನಲ್ಲಿ ಹೆಸರು ಮಾಡಿದ್ದ ಚಿಸ್ಹೋಮ್ ಎಂಬ ವಾಸ್ತುಶಿಲ್ಪಿಯದು. ಪಕ್ಕದ ಚಿತ್ರಶಾಲೆಯ ಕಟ್ಟಡ 1914ರಲ್ಲಿ ಮುಗಿದರೂ ಮೊದಲನೆಯ ಮಹಾಯುದ್ಧ ಅಡ್ಡ ಬಂದುದರಿಂದ ಯೂರೋಪಿನ ಚಿತ್ರಗಳು ಬಂದು ಸೇರಿ ಬಾಗಿಲು ತೆರೆಯುವ ಹೊತ್ತಿಗೆ 1921 ಆಯಿತು. ಆ ನಡುವಿನ 1914ರಿಂದ 1916ರವರೆಗೆ ಬರೋಡೆಯ ದಿವಾನಗಿರಿಯನ್ನು ನಿರ್ವಹಿಸಿದವರು ವಿ. ಪಿ. ಮಾಧವರಾಯರು, 1906ರಿಂದ 1909ರವರೆಗೆ ಮೈಸೂರಿನ ದಿವಾನರಾಗಿದ್ದವರು ಇವರೇ.

ಈಜಿಪ್ಟಿನ ಮಮ್ಮಿ, ಯೂರೋಪಿನ ತೈಲಚಿತ್ರಗಳು, ಮೊಗಲ ಚಿತ್ರಗಳು, ಶಿಲ್ಪ, ನಾಣ್ಯ, ಪ್ರಾಣಿ, ಪಕ್ಷಿ ಎಲ್ಲವೂ ಬರೋಡೆಯ ಸಂಗ್ರಹಾಲಯದಲ್ಲಿವೆ. ಮಹೀ ನದಿಯ ಅಳಿವೆಯಲ್ಲಿ ದಡಕ್ಕೆ ಬಿದ್ದ ನೀಲಿ ತಿಮಿಂಗಿಲದ ಎಪ್ಪತ್ತು ಅಡಿಗೂ ಮಿಕ್ಕ ಅಸ್ಥಿಪಂಜರವನ್ನು ನೋಡಿ ಬಾಯಿ ತೆರೆಯದ ಮಗುವಿಲ್ಲ. ವಿದೇಶಕ್ಕೆ ಹೋಗುವ ಭಾಗ್ಯವಿಲ್ಲದ ಪ್ರಜೆಗೆ ವಿದೇಶವನ್ನೇ ತಂದು ತೋರಿಸಬೇಕೆಂಬುದು ಅಲ್ಲಿಯ ಕ್ರಮ.

ಆದರೆ ತಂದು ಗುಡ್ಡೆ ಹಾಕಿದರೆ ಸಾಲದು. ವಸ್ತುಗಳನ್ನು ಕಾಲಕ್ರಮಕ್ಕೆ, ದೇಶಕ್ರಮಕ್ಕೆ ಹೊಂದಿಸಿ, ಒಂದರಿಂದ ಇನ್ನೊಂದಕ್ಕೆ ಅರ್ಥ ಹರಿಯುವಂತೆ ಇಡಬೇಕು. 1940ರ ದಶಕದಲ್ಲಿ ನಿರ್ದೇಶಕರಾಗಿದ್ದ ಜರ್ಮನಿಯ ವಿದ್ವಾಂಸ ಹರ್ಮನ್ ಗೋಟ್ಸ್ ಅವರು ಈ ಕೆಲಸಕ್ಕೆ ಕೈಹಾಕಿದರು. ಸಂಗ್ರಹಾಲಯದ ಹೆಸರಿನಲ್ಲಿ ಪಾಂಡಿತ್ಯಪೂರ್ಣ ಪತ್ರಿಕೆಯೊಂದನ್ನೂ ಹೊರಡಿಸಿದರು. 1949ರಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1952ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯ ಶಾಸ್ತ್ರವನ್ನೇ ಕಲಿಸುವ ವಿಭಾಗ ಆರಂಭವಾಯಿತು. ವಸ್ತುವನ್ನು ಕಾಪಾಡುವುದು, ಜೋಡಿಸುವುದು, ಚೀಟಿ ಬರೆಯುವುದು, ಬಂದವರಿಗೆ ವಿವರಿಸುವುದು ಇವೂ ಅಭ್ಯಾಸದಿಂದ ಬರತಕ್ಕ ವಿದ್ಯೆಗಳೆಂದು ನಮ್ಮ ದೇಶದಲ್ಲಿ ಒಪ್ಪಿದ ಆರಂಭದ ಕೇಂದ್ರಗಳಲ್ಲಿ ಇದೊಂದು.

ಇದು ಬರೋಡೆಯೊಂದರ ಮಾತಾಗಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲೋಕದಲ್ಲೆಲ್ಲ ಇದೇ ವಿಚಾರ ಎದ್ದಿತ್ತು. ಶಿಕ್ಷಣದಲ್ಲಿ ಸಂಗ್ರಹಾಲಯಗಳ ಪಾತ್ರವೇನು ಎಂಬುದನ್ನು ಚರ್ಚಿಸಲು ಯುನೆಸ್ಕೋ ಸಂಸ್ಥೆ 1952ರಲ್ಲಿ ಬ್ರೂಕ್ಲಿನ್‌ನಲ್ಲಿ, 1954ರಲ್ಲಿ ಅಥೆನ್ಸಿನಲ್ಲಿ, 1958ರಲ್ಲಿ ರಿಯೋ ಡಿ ಜನೈರೋದಲ್ಲಿ ವಿಚಾರಗೋಷ್ಠಿಗಳನ್ನು ನಡೆಸಿತು. ಅದೇ ಕಾಲದಲ್ಲಿ, 1955ರಲ್ಲಿ, ಅಮ್ರೇಲಿಯಲ್ಲಿ ಗಿರಿಧರಭಾಯಿ ಹೆಸರಿನ ಮಕ್ಕಳ ಸಂಗ್ರಹಾಲಯ ತೆರೆಯಿತು. ಮಗು ಶಾಲೆಗೆ ಬರಲೇಬೇಕೆಂದು ಅರಸು ಕಟ್ಟಳೆ ಮಾಡಿದ ಆ ಊರಿನಲ್ಲಿಯೇ, ಅರವತ್ತು ವರ್ಷಗಳ ತರುವಾಯ, ಮಗುವಿಗಾಗಿಯೇ ಒಂದು ಸಂಗ್ರಹಾಲಯ! ವಡೋದರೆಯಲ್ಲಿಯೂ 1961ರಲ್ಲಿ ಲಕ್ಷ್ಮೀವಿಲಾಸ ಅರಮನೆಯ ಆವರಣದಲ್ಲಿ ಮಹಾರಾಜಾ ಫತೇಸಿಂಗ್ ಸಂಗ್ರಹಾಲಯ ಆರಂಭವಾಯಿತು. ರಾಜಾ ರವಿವರ್ಮನ ಚಿತ್ರಗಳನ್ನು ಇಂದು ತೂಗುಹಾಕಿರುವ ಆ ಕಟ್ಟಡ ಮೊದಲು ರಾಜಮನೆತನದ ಮಕ್ಕಳಿಗಾಗಿ ಕಟ್ಟಿದ ಶಾಲೆ.

ಅಹಮದಾಬಾದಿನ ದಾರಿ ಬೇರೆ. ಅಲ್ಲಿ ಅರಸರಿರಲಿಲ್ಲ, ಗಿರಣಿಯ ಸಾಹುಕಾರರಿದ್ದರು. ಗೌತಮ ಸಾರಾಭಾಯಿ ಮತ್ತು ಅವರ ಸೋದರಿ ಗೀರಾ ಸಾರಾಭಾಯಿ 1949ರಲ್ಲಿ ಕ್ಯಾಲಿಕೋ ವಸ್ತ್ರ ಸಂಗ್ರಹಾಲಯವನ್ನು ಸ್ಥಾಪಿಸಿದರು. ಯಂತ್ರದಿಂದ ಬಟ್ಟೆ ನೇಯುವ ಊರಿನಲ್ಲಿ ಕೈಮಗ್ಗದ ಬಟ್ಟೆಗೆ ಗುಡಿ ಕಟ್ಟಿದಂತಾಯಿತು. ಮುಂದೆ 1983ರಲ್ಲಿ ಅದು ಶಾಹಿಬಾಗಿನ ‘ರಿಟ್ರೀಟ್’ ಆವರಣಕ್ಕೆ ಸಾಗಿತು. 1954ರಲ್ಲಿ ಸಾಬರಮತಿಯ ದಂಡೆಯ ಬಳಿ ಸಂಸ್ಕಾರ ಕೇಂದ್ರಕ್ಕೆ ಅಡಿಗಲ್ಲು ಬಿತ್ತು. ಅದರ ಶಿಲ್ಪಿ ಫ್ರಾನ್ಸಿನ ಲ ಕಾರ್ಬ್ಯೂಸಿಯೆ. ಬಸವನಹುಳುವಿನ ಚಿಪ್ಪು ಸುತ್ತುಸುತ್ತಾಗಿ ಬೆಳೆಯುವಂತೆ, ವಸ್ತುಗಳು ಹೆಚ್ಚಿದಂತೆಲ್ಲ ಕಟ್ಟಡವೂ ಬೆಳೆಯುತ್ತ ಹೋಗಬೇಕೆಂಬುದು ಆತನ ಬಹುಕಾಲದ ಕಲ್ಪನೆ. ಅಹಮದಾಬಾದು, ಟೋಕಿಯೋ, ಚಂಡೀಗಢ ಈ ಮೂರು ಕಡೆ ಅದನ್ನು ಪ್ರಯತ್ನಿಸಿದ. ಕಲ್ಪನೆಯಂತೆ ನಮ್ಮ ಊರಿನ ಕಟ್ಟಡ ಬೆಳೆಯಲಿಲ್ಲ. ಈಚಿನ ವರ್ಷಗಳಲ್ಲಿ ಶಿಥಿಲಗೊಂಡು ದುರಸ್ತಿಗಾಗಿ ಬಾಗಿಲು ಮುಚ್ಚಿದ್ದೂ ಉಂಟು. ಬೆಳೆಯಬೇಕಾದ ಸಂಸ್ಥೆಗೆ ಕಟ್ಟಡದ ನಕ್ಷೆ ಮಾತ್ರ ಸಾಲದು. ಬಂದು ಹೋಗುವ ಜನರೂ ಬೇಕು.

1963ರ ಮೇ 10ರಂದು ಸಾಬರಮತಿ ಆಶ್ರಮದಲ್ಲಿ ಗಾಂಧೀ ಸ್ಮಾರಕ ಸಂಗ್ರಹಾಲಯವನ್ನು ಪಂಡಿತ ನೆಹರು ಉದ್ಘಾಟಿಸಿದರು. ಚಾರ್ಲ್ಸ್ ಕೊರಿಯಾ ರಚಿಸಿದ ಆ ಕಟ್ಟಡದಲ್ಲಿ ಆಡಂಬರವಿಲ್ಲ. ಇಟ್ಟಿಗೆಯ ಕಂಬ, ಹೆಂಚಿನ ಮಾಡು, ಗಾಳಿಯಾಡುವ ಅಂಗಳ. ಐದು ವರ್ಷದ ಮಗುವೂ ಅಲ್ಲಿ ಹೆದರದೆ ಓಡಾಡುತ್ತದೆ. 1968ರ ಡಿಸೆಂಬರ್ 22ರಂದು ಮತ್ತೊಂದು ಶುಭಕಾರ್ಯ ಅದೇ ಊರಿನಲ್ಲಿ ನಡೆಯಿತು. ವಿಕ್ರಮ ಸಾರಾಭಾಯಿಯವರ ಸಮುದಾಯ ವಿಜ್ಞಾನ ಕೇಂದ್ರಕ್ಕಾಗಿ ನಮ್ಮ ಬೆಂಗಳೂರಿನಿಂದ ಸರ್ ಸಿ. ವಿ. ರಾಮನ್ ಬಂದು, ಆಕಾಶ ಏಕೆ ನೀಲಿಯಾಗಿದೆ ಎಂಬ ವಿಷಯವನ್ನು ಕುರಿತು ಮಾತನಾಡಿದರು. ಹಿಂದೆ ಯುದ್ಧಕಾಲದಲ್ಲಿ ಸಾರಾಭಾಯಿಯವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ನರ ಕೈಕೆಳಗೆ ಸಂಶೋಧನೆ ಮಾಡಿದ್ದರು. ಮಗು ಯಂತ್ರವನ್ನು ಕೈಯಿಂದ ಮುಟ್ಟಿ, ತಿರುಗಿಸಿ, ತಾನೇ ತಿಳಿಯಬೇಕೆಂಬ ಧ್ಯೇಯ ಈ ಕೇಂದ್ರದ್ದು. 1962ರಲ್ಲಿ ನೆಹರು ಅವರೇ ಉದ್ಘಾಟಿಸಿದ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದ ಧ್ಯೇಯವೂ ಅದೇ. ‘ಮುಟ್ಟಬೇಡಿ’ ಎಂಬ ಹಲಗೆಯ ಜಾಗದಲ್ಲಿ ‘ಮುಟ್ಟಿ ನೋಡಿ’ ಎಂಬ ಹಲಗೆ ಬಂದದ್ದು ಸಣ್ಣ ಬದಲಾವಣೆಯಲ್ಲ.

ಇನ್ನು ಸೂರತ್. ಅಲ್ಲಿಯ ಕಲೆಕ್ಟರ್ ವಿಂಚೆಸ್ಟರ್ ಅವರು 1890ರಲ್ಲಿ ಸ್ಥಾಪಿಸಿದ ಸಂಗ್ರಹಾಲಯದಲ್ಲಿ ಊರಿನ ಕಸುಬುಗಳಿಗೆ ಹೆಚ್ಚಿನ ಸ್ಥಾನ: ಜರಿ, ಕಿನಕಾಪು, ಮರದ ಕೆತ್ತನೆ. ಸ್ವಾತಂತ್ರ್ಯಾನಂತರ ಅದು ಸರ್ದಾರ್ ಪಟೇಲರ ಹೆಸರು ಪಡೆಯಿತು. ನಗರಸಭೆಯವರು 2009ರಲ್ಲಿ ಕಟ್ಟಿಸಿದ ವಿಜ್ಞಾನ ಕೇಂದ್ರದ ಆವರಣಕ್ಕೆ ಅದನ್ನು ಸಾಗಿಸಿದ್ದರಿಂದ, ತಾರಾಲಯ ನೋಡಲೆಂದು ಬಂದ ಶಾಲೆಯ ಮಕ್ಕಳು ಜರಿಯ ಬಟ್ಟೆಯನ್ನೂ ನೋಡಿಕೊಂಡು ಹೋಗುವಂತಾಯಿತು. ತಾಪಿಯ ದಂಡೆಯ ಹದಿನಾರನೆಯ ಶತಮಾನದ ಕೋಟೆಯನ್ನೂ ನಗರಸಭೆ ಜೀರ್ಣೋದ್ಧಾರ ಮಾಡಿ ಸಂಗ್ರಹಾಲಯವನ್ನಾಗಿಸಿದೆ.

ಪ್ರದರ್ಶನಗಳನ್ನು ಆಗಾಗ ಏಕೆ ಬದಲಿಸಬೇಕು, ಇಟ್ಟದ್ದು ಇಟ್ಟಲ್ಲಿಯೇ ಇದ್ದರೆ ಏನು ನಷ್ಟ ಎಂದು ಕೆಲವರು ಕೇಳಬಹುದು. ಇದಕ್ಕೆ ಮೂರು ಕಾರಣಗಳುಂಟು. ಮೊದಲನೆಯದು ವಸ್ತುವಿನ ಆಯುಸ್ಸು. ಬಟ್ಟೆ, ಕಾಗದ, ಜಲವರ್ಣದ ಚಿತ್ರಗಳನ್ನು ಬೆಳಕು ದಿನದಿನವೂ ತಿನ್ನುತ್ತದೆ. ಒಮ್ಮೆ ಮಾಸಿದ ಬಣ್ಣ ಮರಳಿ ಬಾರದು. ಆದುದರಿಂದ ಅವುಗಳನ್ನು ಮಂದ ಬೆಳಕಿನಲ್ಲಿ ಸ್ವಲ್ಪಕಾಲ ತೋರಿಸಿ, ಕತ್ತಲೆಯ ಪೆಟ್ಟಿಗೆಯಲ್ಲಿ ವಿಶ್ರಾಂತಿ ಕೊಡಬೇಕಾಗುತ್ತದೆ. ನಮ್ಮ ಹೆಂಗಸರು ರೇಷ್ಮೆಯ ಸೀರೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುವುದು ಇದೇ ಶಾಸ್ತ್ರ. ಎರಡನೆಯದು, ಹೊಸ ವಸ್ತುಗಳು ದೊರೆಯುತ್ತವೆ. ಮೂರನೆಯದು, ಹಳೆಯ ವಸ್ತುವಿನ ಅರ್ಥವೇ ಬದಲಾಗುತ್ತದೆ. ಕೊನೆಯ ಈ ಎರಡಕ್ಕೂ ಉತ್ತಮ ನಿದರ್ಶನಗಳು ನಮ್ಮ ಊರುಗಳಲ್ಲಿಯೇ ಇವೆ, ಮತ್ತು ಅಲ್ಲಿಯೇ ಕನ್ನಡದ ಹೆಜ್ಜೆಯೂ ಕಾಣುತ್ತದೆ.

ವಡೋದರೆಯ ಅಂಚಿನ ಅಕೋಟಾದಲ್ಲಿ 1949ರ ಸುಮಾರಿಗೆ ಜೈನ ಕಂಚಿನ ವಿಗ್ರಹಗಳ ದೊಡ್ಡ ನಿಕ್ಷೇಪವೊಂದು ಸಿಕ್ಕಿತು. ಉಮಾಕಾಂತ ಪ್ರೇಮಾನಂದ ಶಾಹ ಎಂಬ ವಿದ್ವಾಂಸರು ಅವುಗಳನ್ನು ಅಭ್ಯಾಸ ಮಾಡಿ 1959ರಲ್ಲಿ ಗ್ರಂಥ ಬರೆದರು. ಐದನೆಯ ಶತಮಾನದ ಕೊನೆಯಿಂದ ಹನ್ನೊಂದನೆಯ ಶತಮಾನದವರೆಗಿನ ಈ ವಿಗ್ರಹಗಳು ಬರೋಡೆಯ ಸಂಗ್ರಹಾಲಯದ ಕಳಶವಾದವು. ಅಕೋಟಾದ ಹಳೆಯ ಹೆಸರು ಅಂಕೋಟ್ಟಕ. ಕ್ರಿ. ಶ. 812ರ ತಾಮ್ರಶಾಸನವೊಂದರಲ್ಲಿ ಅಂಕೋಟ್ಟಕದ ಎಂಬತ್ತನಾಲ್ಕು ಗ್ರಾಮಗಳ ಪೈಕಿ ‘ವಡಪದ್ರಕ’ ಎಂಬ ಗ್ರಾಮವನ್ನು ಬ್ರಾಹ್ಮಣನೊಬ್ಬನಿಗೆ ದಾನ ಕೊಟ್ಟ ಸಂಗತಿ ಇದೆ. ಆ ವಡಪದ್ರಕವೇ ಇಂದಿನ ವಡೋದರಾ. ಊರಿನ ಹೆಸರು ಮೊಟ್ಟಮೊದಲು ಕಾಣಿಸುವ ದಾಖಲೆಗಳಲ್ಲಿ ಇದು ಮುಖ್ಯವಾದುದು. ದಾನ ಕೊಟ್ಟವನು ಯಾರು? ಲಾಟ ದೇಶವನ್ನು ಆಳುತ್ತಿದ್ದ ಕರ್ಕ ಸುವರ್ಣವರ್ಷ; ಮಾನ್ಯಖೇಟದ ರಾಷ್ಟ್ರಕೂಟರ ಶಾಖೆಯವನು. 814ರಲ್ಲಿ ಬಾಲಕನಾಗಿದ್ದ ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದಾಗ ಸಾಮಂತರು ದಂಗೆಯೆದ್ದರು. ಆಗ ಆ ಹುಡುಗನ ಸಿಂಹಾಸನವನ್ನು ಕಾಯ್ದುಕೊಟ್ಟವನು ಇದೇ ಗುಜರಾತಿನ ಕರ್ಕ. ಆತನ 821ರ ಸೂರತ್ ತಾಮ್ರಶಾಸನ ಅದಕ್ಕೆ ಸಾಕ್ಷಿ. ಕರ್ಕನು ಹಾಗೆ ನಿಲ್ಲದಿದ್ದರೆ ನೃಪತುಂಗನ ಆಸ್ಥಾನವೆಲ್ಲಿ, ಕವಿರಾಜಮಾರ್ಗವೆಲ್ಲಿ?

ಸೂರತ್ತಿನವರಿಗೆ ಇನ್ನೂ ಹಳೆಯ ನಂಟು ಉಂಟು. ಹತ್ತಿರದ ನವಸಾರಿಯಲ್ಲಿ ಬಾದಾಮಿಯ ಚಾಲುಕ್ಯರ ಶಾಖೆ ಆಳುತ್ತಿತ್ತು. ಅರಬರ ದಂಡು ದಕ್ಷಿಣಕ್ಕೆ ನುಗ್ಗಿದಾಗ ತಡೆದು ಹಿಮ್ಮೆಟ್ಟಿಸಿದ ಅವನಿಜನಾಶ್ರಯ ಪುಲಿಕೇಶಿಯ ಹೆಸರು 738-39ರ ನವಸಾರಿ ಶಾಸನದಲ್ಲಿದೆ. ಅಜ್ಜಿ ಹೇಳುವ ಪುಲಿಕೇಶಿಯ ಮನೆತನದವನೇ ಇವನು. ಶಾಲೆಯ ಪುಸ್ತಕದ ಸಿದ್ಧರಾಜ ಜಯಸಿಂಹನ ತಾಯಿ ಮೀನಳದೇವಿ ಕದಂಬ ಜಯಕೇಶಿಯ ಮಗಳು, ನಮ್ಮ ಕಡೆಯ ಹೆಣ್ಣು. ಧೋಳ್ಕಾದ ಮಲಾವ್ ಕೆರೆಯನ್ನು ಕಟ್ಟಿಸಿದವಳು ಅವಳೆಂದು ಗುಜರಾತಿ ಜನ ಇಂದಿಗೂ ನೆನೆಯುತ್ತಾರೆ. ಕೆರೆಯ ಅಂಚಿನಲ್ಲಿದ್ದ ಒಬ್ಬ ಬಡ ಹೆಂಗಸು ಮನೆ ಬಿಟ್ಟುಕೊಡಲೊಲ್ಲೆ ಎಂದಾಗ ಬಲಾತ್ಕಾರ ಮಾಡದೆ ಕೆರೆಯ ಆಕಾರವನ್ನೇ ಸೊಟ್ಟಗಾಗಿಸಿದಳಂತೆ. ನ್ಯಾಯ ನೋಡಬೇಕಾದರೆ ಮಲಾವಿಗೆ ಹೋಗು ಎಂಬ ಗಾದೆ ಅದರಿಂದ ಹುಟ್ಟಿತು.

ಧೋಳ್ಕಾ ಸೀಮೆಯಲ್ಲಿಯೇ ಲೋಥಲ್ ಇದೆ. ಅದನ್ನು 1954ರಲ್ಲಿ ಕಂಡುಹಿಡಿದು ಮುಂದೆ ಹಲವು ವರ್ಷ ಅಗೆಸಿದವರು ನಮ್ಮ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ರಂಗನಾಥರಾಯರು, ಲೋಕಕ್ಕೆ ಎಸ್. ಆರ್. ರಾವ್. ಮೈಸೂರಿನಲ್ಲಿ ಓದಿ, ಬರೋಡಾ ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿ ಸೇವೆಗೆ ನಿಂತು, ಆ ಮೇಲೆ ಭಾರತ ಸರಕಾರದ ಇಲಾಖೆಗೆ ಸೇರಿದವರು. ಸಿಂಧೂ ಕಾಲದ ಮಣಿಗಳ ಕಾರ್ಖಾನೆ, ಮುದ್ರೆಗಳು, ದಂತದ ಅಳತೆಪಟ್ಟಿ, ಮಣ್ಣಿನ ಹಡಗಿನ ಬೊಂಬೆ ಅಲ್ಲಿ ದೊರೆತವು. ಸುಮಾರು 214 ಮೀಟರ್ ಉದ್ದ, 36 ಮೀಟರ್ ಅಗಲದ ಇಟ್ಟಿಗೆಯ ಕೊಳವೊಂದನ್ನು ರಾಯರು ಹಡಗುಕಟ್ಟೆ ಎಂದರು. ಅಲ್ಲ, ಅದು ನೀರಿನ ಕೆರೆ ಎಂದು ಕೆಲವು ಪಂಡಿತರು ವಾದಿಸಿದರು. 2024ರಲ್ಲಿ ಗಾಂಧಿನಗರದ ಐ. ಐ. ಟಿ.ಯವರು ಉಪಗ್ರಹದ ಚಿತ್ರಗಳ ನೆರವಿನಿಂದ ಸಾಬರಮತಿ ಹಿಂದೆ ಲೋಥಲ್ಲಿನ ಹತ್ತಿರವೇ ಹರಿಯುತ್ತಿತ್ತೆಂದು ತೋರಿಸಿ ರಾಯರ ಅಭಿಪ್ರಾಯಕ್ಕೆ ಬಲ ಕೊಟ್ಟಿದ್ದಾರೆ. 1976ರಲ್ಲಿ ಅಲ್ಲಿ ಸ್ಥಳದ ಸಂಗ್ರಹಾಲಯ ತೆರೆಯಿತು. ಈಗ ರಾಷ್ಟ್ರಮಟ್ಟದ ಸಮುದ್ರಯಾನ ಪರಂಪರೆಯ ಭಾರಿ ಸಂಗ್ರಹಾಲಯವೂ ಎದ್ದು ನಿಲ್ಲುತ್ತಿದೆ. ರಾಯರು 2013ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ವಾಚಕರೇ, ಇಷ್ಟನ್ನು ಹೇಳಿದ್ದು ಪ್ರತಿಷ್ಠೆ ಕೊಚ್ಚಿಕೊಳ್ಳಲು ಅಲ್ಲ. ಒಂದು ಕಾಲಕ್ಕೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೂ ಅಹಮದಾಬಾದ್, ಸೂರತ್ ಜಿಲ್ಲೆಗಳೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. 1956ರ ನವೆಂಬರ್ 1ರಂದು ನಾವು ನಮ್ಮ ಭಾಷೆಯ ಮನೆಗೆ ಹೋದೆವು. 1960ರ ಮೇ 1ರಂದು ಗುಜರಾತಿಗಳು ತಮ್ಮ ಭಾಷೆಯ ಮನೆಗೆ ಹೋದರು. ಮನೆ ಬೇರೆಯಾದರೂ ನಂಟು ಹರಿಯಲಿಲ್ಲ. ಆ ನಂಟನ್ನು ನಮ್ಮ ಮಕ್ಕಳಿಗೆ ತೋರಿಸಬೇಕಾದವರು ಯಾರು? ಸಂಗ್ರಹಾಲಯದ ಮಾರ್ಗದರ್ಶಿ ಕಂಚಿನ ವಿಗ್ರಹವನ್ನು ತೋರಿಸಬಹುದು. ಕರ್ಕನಿಗೂ ಕವಿರಾಜಮಾರ್ಗಕ್ಕೂ ಇರುವ ಸಂಬಂಧವನ್ನು ಆತ ಹೇಳಲಾರ. ಶಾಲೆಯ ಬಸ್ಸಿನಲ್ಲಿ ಎಂಬತ್ತು ಮಕ್ಕಳೊಡನೆ ಸಾಲಾಗಿ ಹೋಗಿ ಒಂದು ತಾಸಿನಲ್ಲಿ ಇಪ್ಪತ್ತು ಕೋಣೆ ದಾಟಿದರೆ ಮಗುವಿಗೆ ಉಳಿಯುವುದು ಕಾಲುನೋವು ಮಾತ್ರ.

ಆದುದರಿಂದ ನಮ್ಮ ಮೂರೂ ನಗರಗಳ ಕನ್ನಡ ಸಂಘಗಳಿಗೆ ಒಂದು ಸೂಚನೆ. ರಾಜ್ಯೋತ್ಸವದ ತಿಂಗಳಿನಲ್ಲಿ ಒಂದು ದಿನವನ್ನು ಸಂಗ್ರಹಾಲಯಕ್ಕೆ ಮೀಸಲಿಡೋಣ. ತೆರೆದಿರುವ ವೇಳೆ, ಗುಂಪಿಗೆ ಬೇಕಾದ ಅಪ್ಪಣೆ ಮುಂಚೆಯೇ ವಿಚಾರಿಸಿಕೊಳ್ಳೋಣ. ಕ್ಯಾಲಿಕೋದಂತಹ ಕಡೆ ಮುಂದಾಗಿ ಹೆಸರು ಕೊಡಬೇಕಾಗುತ್ತದೆ. ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬ ಹಿರಿಯರು ಇರಲಿ. ಎಲ್ಲವನ್ನೂ ನೋಡುವ ಹಟ ಬೇಡ; ಐದು ವಸ್ತು ಸಾಕು. ಹೇಳುವ ಮೊದಲು ಕೇಳೋಣ: ಇದನ್ನು ಯಾವುದರಿಂದ ಮಾಡಿದ್ದಾರೆ? ಎಲ್ಲಿ ಸವೆದಿದೆ? ಇದು ಹಡಗುಕಟ್ಟೆಯೋ ಕೆರೆಯೋ, ನೀನಾದರೆ ಹೇಗೆ ತೀರ್ಮಾನಿಸುವೆ? ಕಾಗದ ಪೆನ್ಸಿಲು ಕೊಟ್ಟು ಒಂದು ವಸ್ತುವಿನ ಚಿತ್ರ ಬರೆಸೋಣ. ಬರೆಯುವಾಗ ಕಣ್ಣು ನಿಜವಾಗಿ ನೋಡುತ್ತದೆ. ಅದರ ಕೆಳಗೆ ಎರಡು ಸಾಲು ಕನ್ನಡದಲ್ಲಿಯೇ ಬರೆಯಲಿ, ಒತ್ತಕ್ಷರ ತಪ್ಪಿದರೂ ಚಿಂತೆಯಿಲ್ಲ.

ಸೂರತ್ತಿನ ಮಕ್ಕಳು ಜರಿಯನ್ನು ನೋಡಿ ಬಂದ ಮೇಲೆ ಮನೆಯಲ್ಲಿ ತಾಯಿಯ ಮದುವೆಯ ಸೀರೆಯ ಅಂಚನ್ನು ಬೆರಳಾಡಿಸಿ ನೋಡಲಿ. ಇವರ ಊರಿನ ಜರಿ ಎಷ್ಟೋ ಕಾಲದಿಂದ ದಕ್ಷಿಣದ ಮಗ್ಗಗಳಿಗೆ ಹೋಗುತ್ತಿದೆ. ಅಹಮದಾಬಾದಿನ ಮಕ್ಕಳು ಪಾಟಣದ ಪಟೋಳಾ ಪಕ್ಕದಲ್ಲಿ ಇಳಕಲ್ಲಿನ ಸೆರಗನ್ನೂ ಧಾರವಾಡದ ಕಸೂತಿಯನ್ನೂ ಇಟ್ಟು ಹೋಲಿಸಲಿ. ಸಂಘದ ಸಭಾಗೃಹದಲ್ಲಿ ಒಂದು ಮೇಜು ಹಾಕಿ, ಮನೆಮನೆಯಿಂದ ತಂದ ಅಡಕೊತ್ತು, ಸೇರು-ಪಾವು, ಚನ್ನೆಮಣೆ, ಅಜ್ಜನ ಕಾಗದಪತ್ರ ಇವುಗಳನ್ನು ಮಕ್ಕಳೇ ಜೋಡಿಸಲಿ. ಕನ್ನಡದಲ್ಲಿಯೂ ಗುಜರಾತಿಯಲ್ಲಿಯೂ ಚೀಟಿ ಬರೆಯಲಿ. ನೆರೆಯ ಗುಜರಾತಿ ಮಕ್ಕಳನ್ನು ಕರೆದು ತೋರಿಸಲಿ. ವರ್ಷವರ್ಷವೂ ವಸ್ತುಗಳು ಬದಲಾಗಲಿ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ. ಹಿರಿಯರ ಅರ್ಧ ದಿನ ಬೇಕು, ಅಷ್ಟೆ.

ಹಿರಿಯರು ಎಂದೆವು. ಆ ಮಾತಿನಲ್ಲಿಯೇ ಅವಸರವೂ ಇದೆ. ಸೇರು ಪಾವಿನ ಲೆಕ್ಕ ಬಲ್ಲವರು, ಚನ್ನೆಮಣೆಯ ಆಟ ಬಲ್ಲವರು, ಹಳೆಯ ಕಾಗದದ ಮೋಡಿ ಅಕ್ಷರ ಓದಬಲ್ಲವರು ನಮ್ಮ ನಡುವೆ ವರ್ಷಕ್ಕೆ ಒಬ್ಬಿಬ್ಬರಂತೆ ಕಡಿಮೆಯಾಗುತ್ತಿದ್ದಾರೆ. ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿ ನೂರು ವರ್ಷ ಕಾಪಾಡಬಹುದು. ಅದರ ಕಥೆ ಬಲ್ಲವರು ಇರುವಾಗಲೇ ಮಗುವನ್ನು ಅವರ ಕೈಹಿಡಿಸಿ ಕಳುಹಿಸಬೇಕು. ಈ ರಾಜ್ಯೋತ್ಸವದಿಂದಲೇ ಆ ಕಾರ್ಯ ಮೊದಲಾಗಲೆಂದೂ, ನಮ್ಮ ಮಕ್ಕಳು ಎರಡು ನಾಡುಗಳ ಚರಿತ್ರೆಯನ್ನೂ ತಮ್ಮದೆಂದು ಹೇಳಿಕೊಳ್ಳುವಂತಾಗಲೆಂದೂ ಹಾರೈಸುತ್ತೇವೆ.